ಲೆಟ್ಯೂಸ್: ಬೆಳೆಯುವುದು, ಬೀಜ ಉಳಿಸುವುದು, ಅದರ ಕಹಿಯನ್ನು ಅರ್ಥ ಮಾಡಿಕೊಳ್ಳುವುದು

ಟೆರೇಸ್ ತೋಟದ ಬಗ್ಗೆ ಬರೆಯುವ ನನಗೆ ಲೆಟ್ಯೂಸ್ ವಿಷಯದಲ್ಲಿ ಬರುವ ಪ್ರಶ್ನೆಗಳು ಮೂರೇ ಮೂರು. ಬೀಜ ಹಾಕಿದೆ, ಹುಟ್ಟಲೇ ಇಲ್ಲ, ಯಾಕೆ? ಎಲೆ ಯಾಕೆ ಇಷ್ಟು ಕಹಿ? ಇತ್ತೀಚೆಗೆ ಜಾಸ್ತಿಯಾಗಿರುವುದು ಮೂರನೆಯದು: ಕಾಡು ಲೆಟ್ಯೂಸಿನ ಹಾಲು ತಗೊಂಡರೆ ನೋವು ಹೋಗುತ್ತದಂತೆ, ನಿದ್ದೆ ಬರುತ್ತದಂತೆ, ನಿಜವಾ?

ಮೂರನ್ನೂ ಒಟ್ಟಿಗೇ ಹೇಳಿಬಿಡುತ್ತೇನೆ. ಹುಟ್ಟದ ಬೀಜ, ಕಹಿ ಎಲೆ, ಹಾಲು, ಎಲ್ಲವೂ ಈ ಗಿಡಕ್ಕೆ ಕಾಡಿನಿಂದ ಬಂದ ಗುಣಗಳೇ. ಅದರ ಬಳಗ ಒಂದು ಸಲ ಗೊತ್ತಾದರೆ ಕುಂಡದಲ್ಲಿ ಏನು ಮಾಡಬೇಕು, ಏನು ಮಾಡಬಾರದು ಅನ್ನುವುದು ತಾನಾಗಿ ಹೊಳೆಯುತ್ತದೆ.

ಬೇಕಾಗುವ ಸಾಮಾನು ಸ್ವಲ್ಪವೇ. ಮೂರ್ನಾಲ್ಕು ಬಗೆಯ ಬೀಜ, ಒಂದು ಪ್ರೋಟ್ರೇ (ಸಸಿ ಬೆಳೆಸುವ ಗುಳಿಗುಳಿ ತಟ್ಟೆ), 15ರಿಂದ 20 ಸೆಂಟಿಮೀಟರ್ ಆಳದ ಕುಂಡ ಅಥವಾ ಗ್ರೋಬ್ಯಾಗ್, ಮಣ್ಣು, ಕೊಕೊಪಿಟ್, ಎರೆಗೊಬ್ಬರ, ಬಿಸಿಲು ಜೋರಿರುವ ಕಡೆ ಒಂದು ತುಂಡು ಶೇಡ್‌ನೆಟ್. ಬೀಜಕ್ಕೆ ಅಂತ ಕೆಲವು ಕಾಗದದ ಕವರ್. ಜೊತೆಗೆ ಐದು ತಿಂಗಳ ತಾಳ್ಮೆ. ಸೊಪ್ಪಿಗೆ ಒಂದೂವರೆ ತಿಂಗಳು ಸಾಕು, ಬೀಜಕ್ಕೆ ಸಾಲದು.

ಹಂತ 1: ಬಳಗವನ್ನು ಗುರುತು ಹಿಡಿಯಿರಿ

ಲೆಟ್ಯೂಸ್ ಸೂರ್ಯಕಾಂತಿ, ಸೇವಂತಿಗೆಗಳ ಕುಟುಂಬದ ಗಿಡ. ವೈಜ್ಞಾನಿಕ ಹೆಸರು ಲ್ಯಾಕ್ಟುಕಾ. ಲ್ಯಾಟಿನ್‌ನಲ್ಲಿ 'ಲ್ಯಾಕ್' ಅಂದರೆ ಹಾಲು. ಕಾಂಡ ಮುರಿದರೆ ಬಿಳಿ ಹಾಲು ಒಸರುತ್ತದೆ, ಅದಕ್ಕೇ ಆ ಹೆಸರು. ಈ ಗುಂಪಿನಲ್ಲಿ ಸುಮಾರು ನೂರು ಜಾತಿಗಳಿವೆ. ನೀವು ನೆನಪಿಟ್ಟುಕೊಳ್ಳಬೇಕಾದವು ನಾಲ್ಕು.

ಲ್ಯಾಕ್ಟುಕಾ ಸಟೈವಾ: ನಾವು ತಿನ್ನುವ ಲೆಟ್ಯೂಸ್, ಎಲ್ಲ ಬಗೆಗಳೂ ಇದೇ ಜಾತಿ.

ಲ್ಯಾಕ್ಟುಕಾ ಸೆರಿಯೋಲಾ: ಮುಳ್ಳು ಲೆಟ್ಯೂಸ್. ಇದು ನಮ್ಮ ಲೆಟ್ಯೂಸಿನ ಒಡಹುಟ್ಟು ಅನ್ನಬಹುದು. ಎರಡಕ್ಕೂ 18 ಕ್ರೋಮೋಸೋಮ್, ಅಂದರೆ ವಂಶಗುಣ ಹೊತ್ತ ಎಳೆಗಳು. ಅಕ್ಕಪಕ್ಕ ಇದ್ದರೆ ಸಲೀಸಾಗಿ ಕೂಡುತ್ತವೆ. ಎಲೆಯನ್ನು ಮಗುಚಿ ನೋಡಿ: ನಡುನರದ ಉದ್ದಕ್ಕೂ ಬಾಚಣಿಗೆಯ ಹಲ್ಲಿನ ಹಾಗೆ ಒಂದೇ ಸಾಲು ಮುಳ್ಳು. ಬಯಲು ಬಿಸಿಲಲ್ಲಿ ಬೆಳೆದರೆ ಎಲೆಗಳು ತಿರುಚಿಕೊಂಡು ಅಂಚನ್ನು ಮೇಲೆ ಮಾಡಿ ನಿಲ್ಲುತ್ತವೆ, ಹೆಚ್ಚುಕಮ್ಮಿ ಉತ್ತರ ದಕ್ಷಿಣಕ್ಕೆ. ನಡುಮಧ್ಯಾಹ್ನದ ಬಿಸಿಲು ಮೈಮೇಲೆ ನೇರ ಬೀಳದಿರಲಿ ಅಂತ ಮಾಡಿಕೊಂಡ ಉಪಾಯ. ದಿಕ್ಸೂಚಿ ಗಿಡ ಅಂತ ಇನ್ನೊಂದು ಹೆಸರಿರುವುದು ಇದರಿಂದಲೇ.

ಲ್ಯಾಕ್ಟುಕಾ ಸಲಿಗ್ನಾ: ಸಣ್ಣಗೆ ಉದ್ದ ಎಲೆ. ಸ್ವಲ್ಪ ದೂರದ ನೆಂಟ, ನಮ್ಮ ಲೆಟ್ಯೂಸ್ ಜೊತೆ ಕೂಡಿಸಲು ಕಷ್ಟಪಡಬೇಕು.

ಲ್ಯಾಕ್ಟುಕಾ ವೈರೋಸಾ: 'ಕಾಡು ಲೆಟ್ಯೂಸ್ ಔಷಧಿ' ಅಂತ ಇಂಟರ್ನೆಟ್ಟಿನಲ್ಲಿ ಓಡಾಡುವುದು ಇದು. ಯುರೋಪಿನ ಗಿಡ. ಬೀಜ ಕಡುಗೆಂಪು ಅಥವಾ ಕಪ್ಪು. ಸೆರಿಯೋಲಾದ ಬೀಜ ಬೂದು ಬಣ್ಣ, ತುದಿಯಲ್ಲಿ ಚುಂಗುಚುಂಗು ರೋಮ.

ಯಾವ ನೆಂಟರಿಂದ ಎಷ್ಟು ಸುಲಭವಾಗಿ ಗುಣ ತರಬಹುದು ಅನ್ನುವ ಲೆಕ್ಕಕ್ಕೆ ತಳಿ ಅಭಿವೃದ್ಧಿ ಮಾಡುವವರು ಜೀನ್ ಪೂಲ್ ಅನ್ನುತ್ತಾರೆ. ಇದು ಬರೀ ಪುಸ್ತಕದ ಮಾತಲ್ಲ. ಲೆಟ್ಯೂಸಿಗೆ ಮುತ್ತುವ ಒಂದು ಜಾತಿಯ ಸಸ್ಯಹೇನನ್ನು ತಡೆಯುವ ಜೀನ್ ಬಂದದ್ದು ವೈರೋಸಾದಿಂದ. ಅವೆರಡು ನೇರ ಕೂಡುವುದಿಲ್ಲ. ಅದಕ್ಕೆ ನಡುವೆ ಸೆರಿಯೋಲಾವನ್ನು ಸೇತುವೆ ಮಾಡಿಕೊಂಡರು. ಬೂಜು ತುಪ್ಪಟ ರೋಗ, ಅಂದರೆ ಎಲೆಯಡಿ ಬಿಳಿ ಬೂಜು ಕಟ್ಟುವ ರೋಗ, ಅದಕ್ಕೆ ತಡೆ ಕೊಟ್ಟದ್ದೂ ಕಾಡಿನ ನೆಂಟರೇ. ನಿಮ್ಮ ಬರ್ಗರ್ ಒಳಗಿನ ಐಸ್‌ಬರ್ಗ್ ಲೆಟ್ಯೂಸಿನ ವಂಶದಲ್ಲೂ ವೈರೋಸಾದ ರಕ್ತ ಇರಬಹುದು. 1958ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ 'ವ್ಯಾನ್‌ಗಾರ್ಡ್' ತಳಿಯಲ್ಲಿ ಅದು ಇತ್ತು.

2021ರಲ್ಲಿ ಕಾಡಿನದೂ ತೋಟದ್ದೂ ಸೇರಿ 445 ಮಾದರಿಗಳ ಪೂರ್ತಿ ಜೀನೋಮ್ ಓದಿದ ಅಧ್ಯಯನ ಬಂತು. ಜೀನೋಮ್ ಅಂದರೆ ಗಿಡದ ಒಟ್ಟು ವಂಶವಾಹಿ ಬರಹ. ಕ್ರಿ.ಪೂ. 4000ರ ಸುಮಾರಿಗೆ ಕಾಕಸಸ್ ಪ್ರದೇಶದ ಹತ್ತಿರ ಈ ಗಿಡ ಮನುಷ್ಯನ ಕೈಗೆ ಬಂತು ಅಂತ ಅದು ಹೇಳುತ್ತದೆ. ಮೊದಲು ಬದಲಾದದ್ದು ಎಲೆಯಲ್ಲ, ಬೀಜ ಉದುರುವ ಗುಣ. ಅಂದರೆ ಜನ ಮೊದಲು ಇದನ್ನು ಬೆಳೆದದ್ದು ಸೊಪ್ಪಿಗಲ್ಲ, ಬೀಜದ ಎಣ್ಣೆಗೆ ಇರಬೇಕು. ಈಜಿಪ್ಟಿನಲ್ಲಿ ಎಣ್ಣೆಗೆಂದೇ ಬೆಳೆಯುವ ಲೆಟ್ಯೂಸ್ ಈಗಲೂ ಇದೆ.

ಎಚ್ಚರಿಕೆ: ಹಾಲು ಬಂದ ಮಾತ್ರಕ್ಕೆ ಲೆಟ್ಯೂಸ್ ಅಲ್ಲ. ಎಕ್ಕಕ್ಕೂ ಹಾಲಿದೆ, ಕಳ್ಳಿಗೂ ಹಾಲಿದೆ, ಎರಡೂ ಅಪಾಯ. ಗುರುತು ಖಚಿತ ಆಗದ ಗಿಡವನ್ನು ಬಾಯಿಗೆ ಹಾಕಬೇಡಿ.

ಹಂತ 2: ಒಂದೇ ಬಗೆ ಬೇಡ, ಮೂರ್ನಾಲ್ಕು ಆರಿಸಿ

ಬಹಳ ಜನ ಸೂಪರ್ ಮಾರ್ಕೆಟ್ಟಿನಲ್ಲಿ ನೋಡಿದ ಐಸ್‌ಬರ್ಗ್ ಬೀಜವನ್ನೇ ಹುಡುಕುತ್ತಾರೆ. ನನ್ನ ಕೇಳಿದರೆ, ಹೊಸಬರಿಗೆ ಅದು ಬೇಡವೇ ಬೇಡ. ಕೋಸಿನ ಹಾಗೆ ಗಟ್ಟಿ ಉಂಡೆ ಕಟ್ಟಲು ಅದಕ್ಕೆ 70ರಿಂದ 80 ದಿನ ತಂಪು ಬೇಕು. ಮಧ್ಯೆ ಬಿಸಿಲು ಏರಿದರೆ ಉಂಡೆಯೂ ಇಲ್ಲ, ಸೊಪ್ಪೂ ಇಲ್ಲ.

ಪೋಷಕಾಂಶದಲ್ಲೂ ಅದೇ ಕೊನೆ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯಲ್ಲಿ ರೋಮೈನ್ ಅನ್ನುವ ಬಗೆಯ ಲೆಟ್ಯೂಸ್ 100 ಗ್ರಾಂಗೆ ವಿಟಮಿನ್ ಕೆ ಸುಮಾರು 100 ಮೈಕ್ರೋಗ್ರಾಂ, ಫೋಲೇಟ್ 136 ಮೈಕ್ರೋಗ್ರಾಂ. ಐಸ್‌ಬರ್ಗ್‌ಗೆ 24 ಮತ್ತು 29. ಕಾರಣ ಸರಳ. ಉಂಡೆಯ ಒಳಗಿನ ಎಲೆಗೆ ಬೆಳಕು ಬೀಳುವುದಿಲ್ಲ. ಬಿಸಿಲು ಕಂಡ ಹಸಿರು ಎಲೆಯಲ್ಲಿ ಸತ್ವ ಜಾಸ್ತಿ. ಕೆಂಪು ಬಗೆಗಳಲ್ಲಿ ಆಂಥೋಸಯನಿನ್ ಕೂಡ ಇರುತ್ತದೆ, ನೇರಳೆ ಹಣ್ಣಿಗೆ ಬಣ್ಣ ಕೊಡುವ ಜಾತಿಯ ವಸ್ತು.

ಹಾಗಾಗಿ ಹೀಗೆ ಆರಿಸಿ. ಉಂಡೆ ಕಟ್ಟದ ಎಲೆ ಲೆಟ್ಯೂಸ್ ಎರಡು, ಒಂದು ಹಸಿರು, ಒಂದು ಕೆಂಪು. ಲೊಲ್ಲೊ ರೊಸ್ಸೊ ಸುಲಭವಾಗಿ ಸಿಗುತ್ತದೆ. ನೆಟ್ಟಗೆ ನಿಲ್ಲುವ ರೋಮೈನ್ ಒಂದು. ಬೆಣ್ಣೆಯಂತೆ ಮೆತ್ತಗಿರುವ ಬಟರ್‌ಹೆಡ್ ಒಂದು. ಹುಡುಕುವ ಹುಮ್ಮಸ್ಸಿದ್ದರೆ ಚೀನಾದವರು ದಂಟಿಗಾಗಿ ಬೆಳೆಯುವ ಸೆಲ್ಟ್ಯೂಸ್. ದಂಟಿನ ಸೊಪ್ಪಿನ ಹಾಗೆ ಅದರ ಕಾಂಡವೇ ಅಡುಗೆಗೆ.

ಮೂರ್ನಾಲ್ಕು ಬಗೆ ಇದ್ದರೆ ಇನ್ನೊಂದು ಲಾಭ ಇದೆ. ಒಂದು ರೋಗಕ್ಕೆ ಸಿಕ್ಕರೂ ಇನ್ನೊಂದು ಉಳಿದೀತು.

ಹಂತ 3: ಬೀಜಕ್ಕೆ ತಂಪು ಕೊಡಿ, ಬೆಳಕು ಕೊಡಿ

'ಹುಟ್ಟಲೇ ಇಲ್ಲ' ಅನ್ನುವ ದೂರುಗಳಲ್ಲಿ ಹೆಚ್ಚಿನವು ಇಲ್ಲೇ ಬಗೆಹರಿಯುತ್ತವೆ. ಬೀಜ ಹಾಳಾಗಿರುವುದಿಲ್ಲ, ನಿದ್ದೆ ಮಾಡುತ್ತಿರುತ್ತದೆ.

ಲೆಟ್ಯೂಸ್ ಬೀಜಕ್ಕೆ 15ರಿಂದ 20 ಡಿಗ್ರಿ ಹಿತ. ಮಣ್ಣು 30 ಡಿಗ್ರಿ ಹತ್ತಿರ ಹೋದರೆ ಬಹಳ ತಳಿಗಳು ಮೊಳಕೆ ನಿಲ್ಲಿಸಿಬಿಡುತ್ತವೆ. ಮಳೆಗಾಲ ಚಳಿಗಾಲಕ್ಕೆ ಹುಟ್ಟಿ ಬೇಸಿಗೆ ಬರುವಷ್ಟರಲ್ಲಿ ಸಂಸಾರ ಮುಗಿಸುವ ಊರಿನ ಗಿಡ ಇದು. ಬಿಸಿ ಮಣ್ಣು ಅಂದರೆ 'ಈಗ ಬೇಡ' ಅಂತ ಅದಕ್ಕೆ ಅರ್ಥ. ತಮಾಷೆ ಅಂದರೆ, 37 ಡಿಗ್ರಿಯಲ್ಲೂ ಮೊಳೆಯುವ ಒಂದು ಸೆರಿಯೋಲಾ ಮಾದರಿ ಕ್ಯಾಲಿಫೋರ್ನಿಯಾದ ಸಂಶೋಧಕರಿಗೆ ಸಿಕ್ಕಿದೆ. ಅದಕ್ಕೆ ಕಾರಣವಾದ ಜೀನ್ ಕೂಡ ಗೊತ್ತಾಗಿದೆ. ನಮ್ಮಂಥ ಸೆಕೆಯ ಊರಿಗೆ ಬೇಕಾದ ಗುಣ ಮುಳ್ಳು ಕಳೆಯ ಹತ್ತಿರ ಇದೆ ನೋಡಿ.

ಬೆಂಗಳೂರು, ಮೈಸೂರು ಕಡೆ ಅಕ್ಟೋಬರ್ ಮೊದಲ ವಾರದಿಂದ ಬಿತ್ತಿ. ಬಯಲುಸೀಮೆಯ ಬಿಸಿ ಊರುಗಳಲ್ಲಿ ನವೆಂಬರ್ ತನಕ ಕಾಯಿರಿ. ಆಗಲೂ ಹಗಲು ಬಿಸಿ ಅನಿಸಿದರೆ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿ ಎರಡು ದಿನ ಇಡಿ. ಫ್ರೀಜರ್‌ನಲ್ಲಿ ಅಲ್ಲ, ತರಕಾರಿ ಇಡುವ ಜಾಗದಲ್ಲಿ. ಆಮೇಲೆ ಸಂಜೆ ಹೊತ್ತು ಬಿತ್ತಿ.

ಇನ್ನು ಬೆಳಕು. ಪ್ರೋಟ್ರೇಯಲ್ಲಿ ಕೊಕೊಪಿಟ್ ಒದ್ದೆ ಮಾಡಿ, ಬೀಜ ಇಟ್ಟು, ಮೇಲೆ ಚಿಟಿಕೆ ಪುಡಿ ಉದುರಿಸಿ, ಅಷ್ಟೇ. ಬೀಜ ಅರ್ಧ ಕಾಣುತ್ತಿದ್ದರೂ ಪರವಾಗಿಲ್ಲ. 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್‌ನಲ್ಲಿ 'ಗ್ರ್ಯಾಂಡ್ ರ‍್ಯಾಪಿಡ್ಸ್' ಅನ್ನುವ ಲೆಟ್ಯೂಸ್ ಬೀಜದ ಮೇಲೆ ಒಂದು ಪ್ರಸಿದ್ಧ ಪ್ರಯೋಗ ನಡೆಯಿತು. ಕೆಂಪು ಬೆಳಕು ಬಿಟ್ಟರೆ ಬೀಜ ಮೊಳೆಯಿತು, ತಕ್ಷಣ ದೂರಕೆಂಪು, ಅಂದರೆ ಕೆಂಪಿನಾಚೆಯ, ನಮ್ಮ ಕಣ್ಣಿಗೆ ಅಷ್ಟಾಗಿ ಕಾಣದ ಬೆಳಕು ಬಿಟ್ಟರೆ ನಿಂತಿತು. ಕೊನೆಗೆ ಯಾವ ಬೆಳಕು ಬಿತ್ತೋ ಅದರ ಮಾತೇ ನಡೆಯಿತು. ಗಿಡಕ್ಕೆ ಬೆಳಕನ್ನು ಗುರುತಿಸುವ ಫೈಟೋಕ್ರೋಮ್ ಅನ್ನುವ ವರ್ಣದ್ರವ್ಯ ಇದೆ ಅಂತ ಗೊತ್ತಾಗಲು ದಾರಿಯಾದದ್ದು ಇದೇ ಬೀಜ. ನಮಗೆ ಬೇಕಾದ ಪಾಠ ಇಷ್ಟೇ: ಆಳಕ್ಕೆ ಹೂಳಬೇಡಿ.

ಎಚ್ಚರಿಕೆ: ಇರುವೆ. ಸಣ್ಣ ಬೀಜ, ಎಣ್ಣೆಯಂಶ ಬೇರೆ. ರಾತ್ರೋರಾತ್ರಿ ಹೊತ್ತೊಯ್ಯುತ್ತವೆ. ಟ್ರೇಯನ್ನು ಇಟ್ಟಿಗೆ ಮೇಲಿಟ್ಟು, ಇಟ್ಟಿಗೆಯನ್ನು ನೀರಿನ ತಟ್ಟೆಯಲ್ಲಿಡಿ. ನನ್ನ ಮೊದಲ ಟ್ರೇ ಹಾಗೇ ಖಾಲಿಯಾದದ್ದು, ಬೈದದ್ದು ಮಾತ್ರ ಬೀಜ ಮಾರಿದವರನ್ನು.

ಸಸಿಗೆ ನಾಲ್ಕೈದು ಎಲೆ ಬಂದ ಮೇಲೆ 20ರಿಂದ 25 ಸೆಂಟಿಮೀಟರ್ ಅಂತರದಲ್ಲಿ ನಾಟಿ ಮಾಡಿ. ಮಣ್ಣು ಸದಾ ಹಸಿಯಾಗಿರಲಿ, ಕೆಸರು ಬೇಡ.

ಹಂತ 4: ಕಹಿ ಏರುವ ಮುಂಚೆ ಕೊಯ್ಯಿರಿ

45ರಿಂದ 50 ದಿನಕ್ಕೆ ಹೊರಗಿನ ಎಲೆ ಕೀಳಲು ಶುರು ಮಾಡಬಹುದು. ನಡುವಿನ ಕುಡಿ ಬಿಡಿ, ಮತ್ತೆ ಬರುತ್ತದೆ. ಬೆಳಿಗ್ಗೆ ಬಿಸಿಲೇರುವ ಮುಂಚೆ ಕಿತ್ತರೆ ಗರಿಗರಿ.

ಒಂದು ದಿನ ನೋಡುತ್ತೀರಿ, ಗಿಡದ ನಡುವೆ ಎಲೆಗಳ ನಡುವಿನ ಅಂತರ ಜಾಸ್ತಿಯಾಗಿ ಕಾಂಡ ಮೇಲೆದ್ದಿರುತ್ತದೆ. ಇದಕ್ಕೆ ತೋಟದವರು ಬೋಲ್ಟ್ ಆಯ್ತು ಅನ್ನುತ್ತಾರೆ, ಅಂದರೆ ಹೂವಿಗೆ ಹೊರಟಿತು. ಸೆಕೆ, ಉದ್ದ ಹಗಲು, ನೀರಿನ ಕೊರತೆ ಇದನ್ನು ಬೇಗ ತರುತ್ತವೆ. ಈಗ ಒಂದು ಎಲೆ ಕಿತ್ತು ತೊಟ್ಟು ನೋಡಿ. ಹಾಲು ಮೊದಲಿಗಿಂತ ದಟ್ಟ. ಬೆರಳಿಗೆ ಹತ್ತಿದ್ದು ಸ್ವಲ್ಪ ಹೊತ್ತಿಗೆ ಕಂದು ಬಣ್ಣಕ್ಕೆ ತಿರುಗಿ ಅಂಟಾಗುತ್ತದೆ. ನಾಲಿಗೆ ತುದಿಗೆ ಮುಟ್ಟಿಸಿದರೆ ಹಾಗಲಕಾಯಿಯೇ ವಾಸಿ.

ಆ ಕಹಿ ಲ್ಯಾಕ್ಟುಸಿನ್, ಲ್ಯಾಕ್ಟುಕೊಪಿಕ್ರಿನ್ ಅನ್ನುವ ವಸ್ತುಗಳದ್ದು. ಹೂ, ಬೀಜ ಮಾಡುವ ಹೊತ್ತಿಗೆ ಹುಳು ಬಂದು ಮುಕ್ಕದಿರಲಿ ಅಂತ ಗಿಡ ಮಾಡಿಕೊಂಡ ಕಾವಲು. ಸಾವಿರಾರು ವರ್ಷ ಜನ ಕಹಿ ಕಡಿಮೆ ಇರುವ ಗಿಡದ ಬೀಜವನ್ನೇ ಎತ್ತಿಡುತ್ತಾ ಬಂದರು. ಹಾಗಾಗಿ ತೋಟದ ಲೆಟ್ಯೂಸಿನಲ್ಲಿ ಅದು ಅಲ್ಪ, ಕಾಡಿನದ್ದರಲ್ಲಿ ಧಾರಾಳ.

ಕಹಿಯಾದ ಎಲೆಯನ್ನು ಐಸ್ ನೀರಿನಲ್ಲಿ ನೆನೆಸಿದರೆ ಗರಿಗರಿಯಾಗುತ್ತದೆ, ಕಹಿ ಅಷ್ಟೇನೂ ಹೋಗುವುದಿಲ್ಲ. ಬಿಸಾಡಬೇಡಿ, ಬೇರೆ ಸೊಪ್ಪಿನ ಜೊತೆ ಮಸ್ಸೊಪ್ಪಿಗೆ ಹಾಕಿ. ಹಸಿಯಾಗಿ ತಿನ್ನುವುದಾದರೆ ಹರಿಯುವ ನೀರಿನಲ್ಲಿ ಎಲೆ ಎಲೆ ಬಿಡಿಸಿ ತೊಳೆಯಿರಿ. 2018ರಲ್ಲಿ ಅಮೆರಿಕದಲ್ಲಿ ರೋಮೈನ್ ಲೆಟ್ಯೂಸಿನಿಂದ ಇ-ಕೋಲೈ ಅನ್ನುವ ಬ್ಯಾಕ್ಟೀರಿಯಾ ಹರಡಿ ಇನ್ನೂರಕ್ಕೂ ಜಾಸ್ತಿ ಜನ ಕಾಯಿಲೆ ಬಿದ್ದರು, ಐವರು ಸತ್ತರು. ಮನೆಯಲ್ಲೂ ಹಸಿ ಸಗಣಿ ಗೊಬ್ಬರ ಈ ಗಿಡಕ್ಕೆ ಹಾಕಬಾರದು, ಪೂರ್ತಿ ಕಳಿತದ್ದೇ ಆಗಬೇಕು.

ಹಂತ 5: ಬೀಜ ಉಳಿಸಿ

ಇದು ನನ್ನ ಇಷ್ಟದ ಹಂತ. ಟೊಮೆಟೊ, ಬದನೆಗಿಂತ ಇದರ ಬೀಜ ಉಳಿಸುವುದು ಸುಲಭ, ಆದರೂ ಹೆಚ್ಚಿನವರು ಪ್ರತಿ ವರ್ಷ ಪೊಟ್ಟಣ ಕೊಳ್ಳುತ್ತಾರೆ. ಲೆಟ್ಯೂಸಿನಲ್ಲಿ ಹೈಬ್ರಿಡ್ ಕಡಿಮೆ. ಹೂವಿನೊಳಗೆ ಕೇಸರಗಳು ಕೊಳವೆಯ ಹಾಗೆ ಅಂಟಿಕೊಂಡಿರುತ್ತವೆ. ಶಲಾಕೆ, ಅಂದರೆ ಹೂವಿನ ಹೆಣ್ಣು ಭಾಗದ ಕಡ್ಡಿ, ಆ ಕೊಳವೆಯೊಳಗಿಂದ ಮೇಲೇರುವಾಗಲೇ ತನ್ನದೇ ಪರಾಗ ಸವರಿಕೊಳ್ಳುತ್ತದೆ. ಹೂ ಅರಳುವುದು ಒಂದೇ ಬೆಳಿಗ್ಗೆ, ಕೆಲವೇ ಗಂಟೆ. ಹೀಗಾಗಿ ಬೀಜ ತಾಯಿಯಂತೆಯೇ ಬರುತ್ತದೆ. ಎರಡು ಬಗೆಗಳ ನಡುವೆ ನಾಲ್ಕೈದು ಮೀಟರ್ ಬಿಟ್ಟರೆ ಮನೆ ಮಟ್ಟಿಗೆ ಸಾಕು.

ಯಾವ ಗಿಡದಿಂದ ಅನ್ನುವುದರಲ್ಲಿ ಎಲ್ಲರೂ ಎಡವುತ್ತಾರೆ. ಮೊದಲು ಬೋಲ್ಟ್ ಆದ ಗಿಡದ್ದೇ ಬೀಜ ಮೊದಲು ಸಿಗುತ್ತದೆ, ಅದನ್ನೇ ಎತ್ತಿಡುತ್ತಾರೆ. ಮೂರು ವರ್ಷ ಹೀಗೆ ಮಾಡಿದರೆ ಬೇಗ ಕಹಿಯಾಗುವ ತಳಿಯನ್ನು ನೀವೇ ಕೈಯಾರೆ ತಯಾರು ಮಾಡಿದಂತೆ! ಮೊದಲು ಎದ್ದದ್ದನ್ನು ಸಾರಿಗೆ ಹಾಕಿ. ಕೊನೆಗೆ ಎದ್ದ ಐದಾರು ಗಿಡಗಳನ್ನು ಬೀಜಕ್ಕೆ ಬಿಡಿ. ಒಂದೇ ಗಿಡದಿಂದ ಬೇಡ, ಆ ತಳಿಯೊಳಗೇ ಇರುವ ಸಣ್ಣಪುಟ್ಟ ವ್ಯತ್ಯಾಸ ಕಳೆದುಹೋಗುತ್ತದೆ. ಎಲೆಯಲ್ಲಿ ಹಳದಿ ಮಚ್ಚೆ ಮಚ್ಚೆಯಾಗಿ ಮೊಸಾಯಿಕ್ ಕಂಡ ಗಿಡವನ್ನು ಕಿತ್ತೇ ಬಿಡಿ, ಲೆಟ್ಯೂಸಿನ ಮೊಸಾಯಿಕ್ ವೈರಸ್ ಬೀಜದ ಜೊತೆ ದಾಟುತ್ತದೆ.

ಉಂಡೆ ಕಟ್ಟುವ ಬಗೆಯಾದರೆ ಹೂದಂಟು ಒಳಗೇ ಸಿಕ್ಕಿಕೊಳ್ಳುತ್ತದೆ. ಉಂಡೆಯ ತಲೆ ಮೇಲೆ ಚಾಕುವಿನಿಂದ ಗುಣಾಕಾರ ಚಿಹ್ನೆಯ ಹಾಗೆ ಮೆಲ್ಲಗೆ ಗೀರಿ. ದಂಟು ಮೂರು ನಾಲ್ಕು ಅಡಿ ಬರುತ್ತದೆ, ಕೋಲು ಕಟ್ಟಿ.

ಹಳದಿ ಹೂ ಉದುರಿ ಎರಡರಿಂದ ಮೂರು ವಾರಕ್ಕೆ ಮೊಗ್ಗಿನಂತಿರುವ ತಲೆಯಿಂದ ಬಿಳಿ ರೋಮದ ಕುಚ್ಚು ಇಣುಕುತ್ತದೆ. ಬೆರಳಲ್ಲಿ ಆ ಕುಚ್ಚು ಹಿಡಿದು ಎಳೆದರೆ ಹತ್ತು ಹದಿನೈದು ಬೀಜ ಗೊಂಚಲಾಗಿ ಬರುತ್ತವೆ, ಒಂದೊಂದಕ್ಕೂ ಒಂದು ಪುಟ್ಟ ಪ್ಯಾರಾಚೂಟ್. ಕಾಡಿನದ್ದಾದರೆ ಅಷ್ಟರಲ್ಲಿ ಗಾಳಿಗೆ ಹಾರಿರುತ್ತಿತ್ತು. ತೋಟದ್ದು ನಮಗಾಗಿ ಕಾಯುತ್ತದೆ, ಆರು ಸಾವಿರ ವರ್ಷದ ಹಿಂದೆ ಬದಲಾದ ಗುಣ ಇದೇ. ಎಲ್ಲ ತಲೆ ಒಟ್ಟಿಗೆ ಮಾಗುವುದಿಲ್ಲ. ಎರಡು ಮೂರು ದಿನಕ್ಕೊಮ್ಮೆ ಕಾಗದದ ಕವರ್ ಒಳಗೆ ದಂಟು ಬಗ್ಗಿಸಿ ಒದರಿ. ಒಂದು ಗ್ರಾಂಗೆ 800ರಿಂದ 1000 ಬೀಜ, ಒಂದು ಗಿಡವೇ ಬೀದಿಗೆಲ್ಲ ಹಂಚುವಷ್ಟು ಕೊಡುತ್ತದೆ.

ನೆರಳಲ್ಲಿ ಒಂದು ವಾರ ಒಣಗಿಸಿ, ಗಾಜಿನ ಬಾಟಲಿಗೆ ಹಾಕಿ, ತಳಿಯ ಹೆಸರು, ತಿಂಗಳು, ವರ್ಷ ಬರೆದು ಫ್ರಿಜ್‌ನಲ್ಲಿಡಿ. ಮೂರು ವರ್ಷ ಚೆನ್ನಾಗಿ ಮೊಳೆಯುತ್ತದೆ. ಅಕ್ಟೋಬರಿನಲ್ಲಿ ಬಿತ್ತಿದರೆ ಫೆಬ್ರವರಿ, ಮಾರ್ಚ್‌ಗೆ ಬೀಜ ಸಿಗುತ್ತದೆ. ತಡ ಮಾಡಿದರೆ ಏಪ್ರಿಲ್‌ನ ಮಾವಿನ ಮಳೆಗೆ ಸಿಕ್ಕಿ ತಲೆಯಲ್ಲೇ ಕೊಳೆಯುತ್ತದೆ.

ಎಚ್ಚರಿಕೆ: ಹೊರದೇಶದಿಂದ ಬರುವ ನೆಂಟರ ಕೈಲಿ 'ವೈಲ್ಡ್ ಲೆಟ್ಯೂಸ್' ಬೀಜ ತರಿಸಬೇಡಿ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಬೀಜ ತರಲು ಅನುಮತಿ, ಆರೋಗ್ಯ ಪತ್ರ ಬೇಕು. ಸೆರಿಯೋಲಾ ಎಷ್ಟೋ ದೇಶಗಳಲ್ಲಿ ಹೊಲದ ಕಳೆ. ಹಾರುವ ಬೀಜದ ಕಳೆ ಊರಿಗೆ ಬಂದರೆ ಏನಾಗುತ್ತದೆ ಅಂತ ಪಾರ್ಥೇನಿಯಂ ನೋಡಿದ ನಮಗೆ ಹೇಳಬೇಕಿಲ್ಲ ಅಲ್ವಾ?

ಹಂತ 6: ಔಷಧಿಯ ಮಾತು

ಇಲ್ಲಿ ನಿಧಾನವಾಗಿ ಓದಿ.

ಕಾಡು ಲೆಟ್ಯೂಸಿನ ಒಣಗಿದ ಹಾಲಿಗೆ ಲ್ಯಾಕ್ಟುಕೇರಿಯಂ ಅಂತ ಹೆಸರು. 'ಲೆಟ್ಯೂಸ್ ಅಫೀಮು' ಅಂತಲೂ ಕರೆದರು, ಆದರೆ ಅದರಲ್ಲಿ ಅಫೀಮು ಇಲ್ಲ. ನೋಡಲು, ತೆಗೆಯುವ ರೀತಿಯಲ್ಲಿ ಹೋಲಿಕೆ, ಅಷ್ಟೇ. 19ನೇ ಶತಮಾನದಲ್ಲಿ ಕೆಮ್ಮು, ನಿದ್ದೆಗೆ ಅಂತ ಕೊಡುತ್ತಿದ್ದರು. 1911ರ ಬ್ರಿಟಿಷ್ ಔಷಧ ಕೈಪಿಡಿಯಲ್ಲೂ ಅದರ ಹೆಸರಿದೆ. ಆಮೇಲೆ ಬಳಕೆ ಬಿಟ್ಟುಹೋಯಿತು.

2006ರಲ್ಲಿ ಲ್ಯಾಕ್ಟುಸಿನ್, ಲ್ಯಾಕ್ಟುಕೊಪಿಕ್ರಿನ್‌ಗಳನ್ನು ಇಲಿಗಳಿಗೆ ಕೊಟ್ಟು ನೋಡಿದಾಗ ನೋವು ಕಡಿಮೆಯಾದದ್ದು, ಮಂಪರು ಬಂದದ್ದು ಕಂಡಿತು. ಜಾಲತಾಣಗಳಲ್ಲಿ ಸುತ್ತುವ ವಿಡಿಯೊಗಳು ಇಲ್ಲಿಗೆ ನಿಲ್ಲಿಸುತ್ತವೆ. ಆ ಪ್ರಯೋಗದಲ್ಲಿ ಕೊಟ್ಟದ್ದು ಶುದ್ಧ ಮಾಡಿ ತೂಕ ಹಾಕಿದ ವಸ್ತು. ಗಿಡದ ಹಾಲಲ್ಲಿ ಎಷ್ಟಿದೆ ಅನ್ನುವುದು ಜಾತಿ, ವಯಸ್ಸು, ಬಿಸಿಲು ಎಲ್ಲದರ ಮೇಲೆ ಬದಲಾಗುತ್ತದೆ. ಮನೆಯಲ್ಲಿ ಅಳೆಯಲು ದಾರಿಯಿಲ್ಲ. 2009ರಲ್ಲಿ ಇರಾನಿನ ವೈದ್ಯರು ಕಾಡು ಲೆಟ್ಯೂಸ್ ತಿಂದು ವಿಷವೇರಿ ಆಸ್ಪತ್ರೆಗೆ ಬಂದ ಎಂಟು ಜನರ ವಿವರ ಪ್ರಕಟಿಸಿದರು. ಹಾಗಾಗಿ ಹಾಲು ಸಂಗ್ರಹಿಸುವುದು, ಕಷಾಯ ಕಾಯಿಸುವುದು, ಆನ್‌ಲೈನ್‌ನಲ್ಲಿ ಸಿಗುವ ಟಿಂಕ್ಚರ್, ಅಂದರೆ ಮದ್ಯಸಾರದಲ್ಲಿ ಇಳಿಸಿದ ದ್ರವ, ಇವು ಯಾವುದೂ ಬೇಡ. ಬಸುರಿಯರು, ಹಾಲೂಡಿಸುವ ತಾಯಂದಿರು, ನಿದ್ದೆ ಮಾತ್ರೆ ತಗೊಳ್ಳುವವರು, ಆಪರೇಶನ್ ಆಗಬೇಕಿರುವವರು ಅದರ ತಂಟೆಗೇ ಹೋಗಬಾರದು.

ಯುನಾನಿ ಪದ್ಧತಿಯಲ್ಲಿ ಲೆಟ್ಯೂಸ್ ಬೀಜಕ್ಕೆ ತುಖ್ಮೆ ಕಾಹು ಅನ್ನುತ್ತಾರೆ. ಅದರ ಎಣ್ಣೆ ರೋಗನ್ ಕಾಹು, ತಲೆಗೆ ಹಚ್ಚಲು, ನಿದ್ದೆಗೆ. ಇದರಲ್ಲಿ ನಂಬಿಕೆ ಇರುವವರು ಸುಮ್ನೆ ಅಂಗಡಿಯಿಂದ ತಂದು ಪ್ರಯೋಗ ಮಾಡುವ ಬದಲು ಕಲಿತ ಯುನಾನಿ ವೈದ್ಯರನ್ನೇ ಕೇಳಿ. ಬೆಂಗಳೂರಿನಲ್ಲೇ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆ ಇದೆ.

ಎಚ್ಚರಿಕೆ: ಬಿತ್ತನೆಗೆ ತಂದ ಬೀಜವನ್ನು ಯಾವ ಕಾರಣಕ್ಕೂ ಅರೆದು ಕುಡಿಯಬೇಡಿ. ಗುಲಾಬಿ, ನೀಲಿ ಬಣ್ಣದ ಲೇಪ ಕಂಡರೆ ಅದು ಶಿಲೀಂಧ್ರನಾಶಕದ ಗುರುತು. ಬಣ್ಣ ಇಲ್ಲದಿದ್ದರೂ ಉಪಚಾರ ಆಗಿರಬಹುದು.

ಇನ್ನೊಂದು, ಯಾರೂ ಹೇಳದ್ದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತಗೊಳ್ಳುವವರು ಮನೆಯಲ್ಲಿದ್ದರೆ ಟೆರೇಸಿನಲ್ಲಿ ಲೆಟ್ಯೂಸ್ ಬಂತು ಅಂತ ದಿನಾ ಬಟ್ಟಲುಗಟ್ಟಲೆ ಸಲಾಡ್ ಕೊಡಬೇಡಿ. ವಿಟಮಿನ್ ಕೆ ಆ ಮಾತ್ರೆಗೆ ಎದುರು ಕೆಲಸ ಮಾಡುತ್ತದೆ. ಪೂರ್ತಿ ಬಿಡಬೇಕಿಲ್ಲ, ದಿನವೂ ಒಂದೇ ಅಳತೆ ಇರಲಿ, ವೈದ್ಯರಿಗೆ ತಿಳಿಸಿ.

ಹಂತ 7: ಕಹಿಯೇ ಬೇಕು ಅನ್ನುವವರಿಗೆ

ಇಷ್ಟೆಲ್ಲ ಓದಿದ ಮೇಲೂ 'ಕಾಡಿನ ರುಚಿ ನೋಡಬೇಕಿತ್ತು' ಅನಿಸಿದರೆ ವೈರೋಸಾ ಹುಡುಕುವ ಅಗತ್ಯ ಇಲ್ಲ. ಉತ್ತರ ಕರ್ನಾಟಕದ ಸಂತೆಗೆ ಹೋಗಿ ಹಕ್ಕರಕಿ ತಪ್ಪಲ ಕೇಳಿ. ಕೆಲವು ಕಡೆ ಹತ್ತರಕಿ ಅನ್ನುತ್ತಾರೆ. ನೆಲಕ್ಕೆ ಅಂಟಿಕೊಂಡಂತೆ ಚಕ್ರಾಕಾರವಾಗಿ ಹರಡುವ, ಅಂಚು ಗರಗಸದಂತಿರುವ ಎಲೆ. ಮುರಿದರೆ ಹಾಲು, ಹಳದಿ ಹೂ. ಲೆಟ್ಯೂಸಿನ ಬಳಗದ್ದೇ ಗಿಡ, ಹೊಲದಲ್ಲಿ ತಾನಾಗಿ ಹುಟ್ಟುತ್ತದೆ, ತಲೆತಲಾಂತರದಿಂದ ಹಸಿಯಾಗಿ ತಿಂದು ಗೊತ್ತಿರುವಂಥದ್ದು.

ಎಳೆಯದನ್ನೇ ಆರಿಸಿ. ಮೂರು ಸಲ ತೊಳೆಯಿರಿ, ನೆಲದ ಸೊಪ್ಪು, ಮಣ್ಣು ಜಾಸ್ತಿ. ಸಣ್ಣಗೆ ಹೆಚ್ಚಿ, ಈರುಳ್ಳಿ, ಶೇಂಗಾ ಚಟ್ನಿಪುಡಿ, ಉಪ್ಪು, ಒಂದು ಚಮಚ ಕುಸುಬಿ ಎಣ್ಣೆ ಹಾಕಿ ಕೈಯಲ್ಲೇ ಕಲಸಿ. ಬಿಸಿ ಜೋಳದ ರೊಟ್ಟಿ, ಪಕ್ಕದಲ್ಲಿ ಗಟ್ಟಿ ಮೊಸರು. ಕಹಿ ಜೋರು ಅನಿಸಿದರೆ ನಿಮ್ಮ ಕುಂಡದ ಬಟರ್‌ಹೆಡ್ ಎಲೆ ನಾಲ್ಕು ಹರಿದು ಸೇರಿಸಿ.